ಕಾಶಿ ಕಣಗಿಲೆ ಮತ್ತು ಕ್ಯಾನ್ಸರ್ ಪರೀಕ್ಷೆ
(ಪರಶುರಾಂಪುರದ ರೈತರಿಗಾಗಿ ನೀಡಿದ ಭಾಷಣದ ಬರಹರೂಪ)



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕೈಕೊಟ್ಟು ಶೇಂಗಾ ಬಾಡಿದಾಗಲೂ ಕಾಶಿ ಕಣಗಿಲೆ ಹೂ ಬಿಡುತ್ತಿರುತ್ತದೆ. ನಿತ್ಯಪುಷ್ಪವೆಂದೂ ಇದಕ್ಕೆ ಹೆಸರು. ತವರು ಮಡಗಾಸ್ಕರ್ ದ್ವೀಪ. ದನಕರುಗಳು ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕುವುದಿಲ್ಲ. ಈ ಗಿಡ ಕ್ಯಾನ್ಸರಿಗೆ ಮದ್ದು ಎಂಬ ಮಾತಿನಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ರೈತರು ತಿಳಿದಿರಬೇಕು.

ಜಮೈಕಾ ದೇಶದ ಜನ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆಲವು ಎಲೆಗಳು ಅಂಚೆಯಲ್ಲಿ ಕೆನಡಾಕ್ಕೆ ಹೋದವು. ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪರೀಕ್ಷಿಸಿದಾಗ ಸಕ್ಕರೆ ಇಳಿಯಲಿಲ್ಲ. ಬದಲಿಗೆ ರಕ್ತದ ಬಿಳಿ ಕಣಗಳು ಕುಸಿದವು. ಬಿಳಿ ಕಣಗಳು ಮಿತಿಮೀರಿ ಬೆಳೆಯುವ ರಕ್ತ ಕ್ಯಾನ್ಸರಿಗೆ ಇದು ಉಪಯೋಗವಾದೀತೆಂದು ಹೊಳೆಯಿತು. ನೋಬಲ್ ಮತ್ತು ಚಾರ್ಲ್ಸ್ ಬೀರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಪ್ರಕಟಿಸಿದರು. ಇದೇ ಗಿಡದ ಮತ್ತೊಂದು ವಸ್ತು ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅದರ ಬಳಕೆಯಿದೆ.

ಪರೀಕ್ಷೆ ನಡೆಯುವ ಬಗೆ ಹೀಗಿದೆ. ಮೊದಲು ಗಿಡದ ಗುರುತು ಖಚಿತವಾಗಬೇಕು. ಕಣಗಿಲೆಯೇ ಬೇರೆ, ಕಾಶಿ ಕಣಗಿಲೆಯೇ ಬೇರೆ. ಮೊದಲನೆಯದು ಹೃದಯವನ್ನೇ ನಿಲ್ಲಿಸಬಲ್ಲ ವಿಷ. ಗುರುತಿಸಿದ ಗಿಡವನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರು ಅಥವಾ ಮದ್ಯಸಾರದಲ್ಲಿ ಸತ್ವ ತೆಗೆಯುತ್ತಾರೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೂ ಆರೋಗ್ಯವಂತ ಕೋಶಗಳಿಗೂ ಬೇರೆ ಬೇರೆ ಪ್ರಮಾಣದಲ್ಲಿ ಅದನ್ನು ಹಾಕಿ, ಎರಡು ಮೂರು ದಿನಗಳ ನಂತರ ಉಳಿದ ಕೋಶಗಳನ್ನು ಅಳೆಯುತ್ತಾರೆ. ಎರಡೂ ಸತ್ತರೆ ಅದು ಬರೀ ವಿಷ. ಕ್ಯಾನ್ಸರ್ ಕೋಶ ಮಾತ್ರ ಹೆಚ್ಚಾಗಿ ಸತ್ತರೆ ಮುಂದೆ ಇಲಿ, ಆಮೇಲೆ ಹಂತಹಂತವಾಗಿ ರೋಗಿಗಳು.

ಬೀಜ ಬಿತ್ತಿದ್ದೆಲ್ಲ ಕಣಕ್ಕೆ ಬಾರದಂತೆ ಇಲ್ಲಿಯೂ ಹೆಚ್ಚಿನದು ಜೊಳ್ಳೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1982ರವರೆಗೆ ಸುಮಾರು 1,14,000 ಸಸ್ಯಸತ್ವಗಳನ್ನು ಪರೀಕ್ಷಿಸಿತು. ಔಷಧಿಯವರೆಗೆ ಬಂದವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದಾದ ಟ್ಯಾಕ್ಸಾಲ್‌ನ ಮರದ ತೊಗಟೆಯನ್ನು ಸಂಗ್ರಹಿಸಿದ್ದು 1962ರಲ್ಲಿ, ಔಷಧಿಗೆ ಅನುಮತಿ ದೊರೆತದ್ದು 1992ರಲ್ಲಿ.

ಆದುದರಿಂದ ಕಾಶಿ ಕಣಗಿಲೆಯ ಎಲೆ ಅಗಿಯುವುದಾಗಲಿ, ಕಷಾಯ ಕುಡಿಯುವುದಾಗಲಿ ಚಿಕಿತ್ಸೆಯಲ್ಲ. ನೂರಾರು ಕಿಲೋ ಒಣ ಎಲೆಯಿಂದ ವಿನ್‌ಬ್ಲಾಸ್ಟಿನ್ ಸಿಗುವುದು ಗ್ರಾಂ ಲೆಕ್ಕದಲ್ಲಿ. ಅದನ್ನು ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತ, ತೂಗಿ ಅಳೆದು ರಕ್ತನಾಳದ ಮೂಲಕ ಕೊಡುತ್ತಾರೆ. ಕಷಾಯದಲ್ಲಿ ಅಳತೆಯಿಲ್ಲ, ವಿಷವುಂಟು. ಅದಕ್ಕಿಂತ ದೊಡ್ಡ ನಷ್ಟ ಕಾಲದ್ದು. ಕಷಾಯವನ್ನು ನಂಬಿ ಆರು ತಿಂಗಳು ಕಳೆದರೆ, ಗುಣವಾಗಬಹುದಾಗಿದ್ದ ಗಡ್ಡೆಯೂ ಕೈಮೀರುತ್ತದೆ.

ರೈತರು ಗಮನಿಸಬೇಕಾದ ಅಂಶಗಳು:

1. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಈ ಸೇವೆಯಲ್ಲಿದೆ.

2. ಹೊಗೆಸೊಪ್ಪು ಬಿಡುವುದು ಯಾವ ಮೂಲಿಕೆಗಿಂತಲೂ ಮೇಲು.

3. ಕೊಳ್ಳುವವರು ಖಚಿತವಾಗದೆ ಔಷಧಿ ಗಿಡವನ್ನು ಹೊಲಕ್ಕೆ ಹಾಕಬಾರದು.

4. ಗುಡ್ಡದ ಮೂಲಿಕೆಯನ್ನು ಬೇರು ಸಮೇತ ಕೀಳಬಾರದು. ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧಿಗೆ ಬೇಕಾದ ವಸ್ತುವಿದೆಯೆಂದು 1972ರಲ್ಲಿ ತಿಳಿದುಬಂತು; ಮುಂದೆ ಕಡಿದು ಸಾಗಿಸಿದ್ದರಿಂದಲೇ ಆ ಮರ ವಿರಳವಾಯಿತು.

ಗಿಡ ಉಳಿದರೆ ನಾಳೆಯ ಪರೀಕ್ಷೆಗೆ ಒದಗೀತು. ರೋಗಿ ಉಳಿಯಬೇಕಾದರೆ ಇಂದೇ ಆಸ್ಪತ್ರೆಯ ದಾರಿ ಹಿಡಿಯಬೇಕು.