ಜಾತ್ರೆಯ ಗದ್ದಲದಲ್ಲಿ ಕೂಸು

ಯುಗಾದಿ ಹೊತ್ತಿಗೆ ನಮ್ಮ ಸಿರಸಂಗಿಯ ಕಾಳಿಕಾದೇವಿ ಜಾತ್ರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಭಂಡಾರ ಹಾರುವ ಆ ಗದ್ದಲದಲ್ಲಿ, ಬೆಂಡು ಬತ್ತಾಸಿನ ಅಂಗಡಿ ಮುಂದೆ ಕೂಸು ಕೈ ಬಿಡಿಸಿಕೊಂಡರೆ ಹಡೆದವಳ ಜೀವ ಹಾರಿಹೋಗುತ್ತದೆ.

ಅದಕ್ಕೇ ಈಗ ಮಕ್ಕಳ ಕೈಗೆ ಜಿಪಿಎಸ್ ವಾಚು ಕಟ್ಟುತ್ತಾರೆ. ಕಟ್ಟಲಿ, ಆದರೆ ಅದರ ಮಿತಿ ತಿಳಿದುಕೊಳ್ಳಬೇಕು. ವಾಚು ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಗುರುತಿಸುತ್ತದೆ. ಅದನ್ನು ನಿಮ್ಮ ಫೋನಿಗೆ ಮುಟ್ಟಿಸಲು ಮಾತ್ರ ಅದರೊಳಗಿನ ಸಿಮ್‌ಗೆ ನೆಟ್‌ವರ್ಕ್ ಬೇಕು. ಜನ ಕಿಕ್ಕಿರಿದಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು. ಅಗ್ಗದ ಬ್ಲೂಟೂತ್ ಟ್ಯಾಗು ಹತ್ತಿರ ಹಾಯುವ ಬೇರೆಯವರ ಫೋನನ್ನೇ ನಂಬಿರುತ್ತದೆ. ಹೊಲದ ದಾರಿಯಲ್ಲಿ ಅದು ಮೂಕ.

ಇನ್ನೊಂದು ಮಾತು. ಮಗುವಿನ ಓಡಾಟವೆಲ್ಲ ಯಾವುದೋ ಕಂಪನಿಯ ಸರ್ವರ್ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತಬೇಡಿ. ತಯಾರಿಸಿದವರು ಯಾರೆಂದೇ ತಿಳಿಯದ ವಾಚು ಬೇಡವೆಂದೇ ನನ್ನ ಅಭಿಪ್ರಾಯ.

ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಮಗಳ ಫೋನಿಗೆ ಆಕೆ ಇರುವ ಜಾಗ ತೋರಿಸುವ ಆ್ಯಪ್ ಕದ್ದುಮುಚ್ಚಿ ಹಾಕುವುದಂತೂ ಸಲ್ಲದು. ಗೊತ್ತಾದ ದಿನ ಆಕೆ ಫೋನನ್ನು ಗೆಳತಿಯ ಕೈಗೆ ಕೊಟ್ಟು ಹೋಗಬಹುದು. ಸಂಕಟ ಬಂದಾಗ ನಿಮಗೆ ಹೇಳಲೂ ಹಿಂಜರಿಯಬಹುದು. ಕೂರಿಸಿಕೊಂಡು ಮಾತಾಡಿ, ಒಪ್ಪಿಸಿಯೇ ಹಾಕಿ.

ಜಾತ್ರೆಗೆ ಹೊರಡುವಾಗ ಸಣ್ಣ ಮಕ್ಕಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇಡಿ. ಕಾಣದಾದರೆ ತಡಮಾಡದೆ 112ಕ್ಕೆ ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.