ಕಲ್ಲಿನೊಳಗಿನ ಕನ್ನಡ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾವು ದಂಪತಿಗಳು ಕಳೆದ ಮಾಘಮಾಸದಲ್ಲಿ ಕೈಕೊಂಡ ಪ್ರವಾಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದ್ದಾರೆ. ನಾವು ಪಂಡಿತರಲ್ಲ, ಸಂಸಾರಿಗಳು. ಕಂಡುದನ್ನು ಕಂಡಂತೆ ತಮ್ಮ ಮುಂದಿಡುವೆವು.

ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಟರೆ ವಿಜಯಪುರವು ನಮಗೆ ನೆರೆಮನೆಯೇ ಸರಿ. 1656ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಹನ ಸಮಾಧಿಯಾದ ಗೋಳಗುಮ್ಮಟವನ್ನು ತಾವೆಲ್ಲರೂ ನೋಡಿರಬಹುದು. 44 ಮೀಟರು ಹೊರವ್ಯಾಸವುಳ್ಳ ಆ ಗುಮ್ಮಟದಡಿ ಆಡಿದ ಪಿಸುಮಾತೂ ಮರುದನಿಗೊಡುವುದು. ಆದರೆ ಅದರ ಮುಂದಿರುವ ನಗಾರಖಾನೆಯನ್ನು ಹೊಗದೆಯೇ ಅನೇಕರು ಹಿಂದಿರುಗುವರು. 1892ರಲ್ಲಿ ಸ್ಥಾಪಿತವಾದ ವಸ್ತುಸಂಗ್ರಹಾಲಯವು ಅಲ್ಲಿದೆ. ಅರಬಿ, ಫಾರಸಿ, ಸಂಸ್ಕೃತ, ಕನ್ನಡ ಶಾಸನಗಳು ಅಲ್ಲಿ ಒಂದೇ ಮಾಡಿನ ಕೆಳಗೆ ನೆಲೆಸಿವೆ. ಹಲವು ನುಡಿಗಳ ನಡುವೆ ಬಾಳುವ ನಮಗೆ ಆ ನೋಟವು ಅಪರಿಚಿತವೆನಿಸಲಿಲ್ಲ.

ಅಲ್ಲಿಂದ ಬಾದಾಮಿಗೆ ಹೋದೆವು. ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಲೇಶನು ಕೊರೆಯಿಸಿದ ಮೂರನೆಯ ಗುಹೆಯನ್ನು ಕಂಡು, ತಟ್ಟುಕೋಟಿಯ ಬಂಡೆಯ ಬಳಿಗೆ ನಡೆದೆವು. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವು ಅಲ್ಲಿರುವುದು. ಆ ಪ್ರಾಚೀನ ಲಿಪಿಯು ನಮಗೆ ಬಾರದು. ಆದುದರಿಂದ ಅಚ್ಚಾದ ಪಾಠವನ್ನು ಜೊತೆಗೆ ಒಯ್ದಿದ್ದೆವು. ಒಬ್ಬರು ಓದಿದೆವು, ಒಬ್ಬರು ಕೇಳಿದೆವು. ಕೇಳುತ್ತಿದ್ದಂತೆಯೇ ಧಾಟಿಯ ಗುರುತು ಹತ್ತಿತು. ಅದು ತ್ರಿಪದಿ! ನಮ್ಮ ತಾಯಂದಿರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ಹಾಡುಗಳ ಅಳತೆಯೇ ಅದು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಬಂಡೆಗೂ ನಮ್ಮ ಅಡಿಗೆಮನೆಗೂ ಇರುವ ನಂಟು ಆಗ ನಮಗೆ ತಿಳಿಯಿತು.

ಮರುದಿನ ಪಟ್ಟದಕಲ್ಲನ್ನು ಸೇರಿದೆವು. ಅಲ್ಲಿಯ ವಿರೂಪಾಕ್ಷ ದೇವಾಲಯವು ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣೆಗಾಗಿ ಅವನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದುದು. ಅದನ್ನು ಕಟ್ಟಿದ ಸ್ಥಪತಿ ಅನಿವಾರಿತಾಚಾರಿ ಗುಂಡನ ಹೆಸರನ್ನು ಅಲ್ಲಿಯ ಕನ್ನಡ ಶಾಸನವು ಉಳಿಸಿಕೊಂಡಿದೆ. ಅರಸನೊಡನೆ ಕೆಲಸಗಾರನಿಗೂ ಕಲ್ಲಿನಲ್ಲಿ ಸ್ಥಾನ ದೊರೆತುದು ಎಂಥ ಔದಾರ್ಯ! ಇದೇ ವಿಕ್ರಮಾದಿತ್ಯನು ದೂರದ ಕಂಚಿಯ ಕೈಲಾಸನಾಥ ದೇವಾಲಯದಲ್ಲಿಯೂ ಕನ್ನಡ ಶಾಸನವನ್ನು ಬರೆಯಿಸಿದ್ದಾನೆ. ಗೆದ್ದ ಊರಿನ ದೇವರ ಸಿರಿಯನ್ನು ಸೂರೆಗೊಳ್ಳದೆ ಹಿಂದಿರುಗಿಸಿದನೆಂಬುದೇ ಅದರ ಸಾರ. ತನ್ನ ನಾಡಿನಾಚೆ ಕನ್ನಡವು ಅಂದು ಬಿಟ್ಟುಬಂದ ಗುರುತು ಇಂತಹದು.

ಮಹಾಜನರೇ, ಮಕ್ಕಳಿಗೆ ಕನ್ನಡ ಶಾಲೆಯಿಂದ ಏನು ದೊರೆಯುವುದೆಂದು ನಮ್ಮವರೇ ಅನೇಕರು ಕೇಳುತ್ತಾರೆ. ಉದ್ಯೋಗದ ಚಿಂತೆಯುಳ್ಳವರ ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕ್ಕಳು ಮರಾಠಿಯನ್ನು ಚೆನ್ನಾಗಿ ಕಲಿಯಲಿ, ಇಂಗ್ಲೀಷನ್ನೂ ಕಲಿಯಲಿ. ಆದರೆ ಕನ್ನಡ ಬಾರದ ಮಗುವಿಗೆ ತಟ್ಟುಕೋಟಿಯ ಬಂಡೆಯು ಬರಿಯ ಬಂಡೆಯಾಗಿಯೇ ಉಳಿದೀತು; ಅಜ್ಜಿಯ ಹಾಡೂ ಬರಿಯ ದನಿಯಾಗಿಯೇ ಉಳಿದೀತು. ಈ ನಷ್ಟವನ್ನು ಯಾವ ಸಂಬಳವೂ ತುಂಬಿಕೊಡಲಾರದು.

ಕೊನೆಯದಾಗಿ ಎರಡು ಬಿನ್ನಹಗಳು. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೂ ಕನ್ನಡ ಶಾಸನಗಳು ದೊರೆತಿವೆ. ತಮ್ಮ ಊರಿನ ಗುಡಿಯಂಗಳದಲ್ಲಿ ಅಕ್ಷರವುಳ್ಳ ಕಲ್ಲಾಗಲಿ ವೀರಗಲ್ಲಾಗಲಿ ಇದ್ದರೆ, ಅದಕ್ಕೆ ಸುಣ್ಣ ಬಳಿಯದಂತೆ, ಅದರ ಮೇಲೆ ಬಟ್ಟೆ ಒಗೆಯದಂತೆ ಕಾಪಾಡಿ, ಅದಿರುವ ಸ್ಥಳವನ್ನು ಸಂಘಕ್ಕೆ ಬರೆದು ತಿಳಿಸಿರಿ. ಎರಡನೆಯದು, ವರುಷಕ್ಕೊಮ್ಮೆ ಮಕ್ಕಳನ್ನು ಇಂತಹ ಸ್ಥಳಗಳಿಗೆ ಕರೆದೊಯ್ಯಿರಿ. ಬುತ್ತಿಯೊಡನೆ ಒಂದು ಪುಸ್ತಕವನ್ನೂ ಒಯ್ಯಿರಿ.