ಕರೆಂಟು ಹೋದಾಗ ನೀರೂ ಕೊಳಚೆಯೂ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಗುಡ್ಡದ ಅಬ್ಬಿಯಿಂದ ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲಿಗೆ ಬೀಳುತ್ತಿದ್ದ ನೀರನ್ನು ಕಂಡವರು ಈ ಸಭೆಯಲ್ಲಿ ಹಲವರಿದ್ದೀರಿ. ಆ ನೀರಿಗೆ ವಿದ್ಯುತ್ತಿನ ಹಂಗಿರಲಿಲ್ಲ. ಇಂದು ನಮ್ಮ ಪೇಟೆಗಳ ನೀರು ಹೊಳೆಯ ಜಾಕ್‌ವೆಲ್‌ನಿಂದ ಮೇಲೇರಿ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯಿತೆಂದರೆ, ಹೊಳೆ ದಡ ಮೀರಿ ಹರಿಯುತ್ತಿರುವಾಗಲೇ ನಲ್ಲಿ ಒಣಗಿರುತ್ತದೆ.

ಇದು ಸಣ್ಣ ಊರುಗಳ ಪಾಡು ಮಾತ್ರವಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ವಿದ್ಯುತ್ ಜಾಲ ಕುಸಿಯಿತು. ಈರಿ ಎಂಬ ಮಹಾಸರೋವರದ ದಡದಲ್ಲೇ ಇರುವ ಕ್ಲೀವ್‌ಲ್ಯಾಂಡ್ ನಗರಕ್ಕೆ ಅಂದು ನೀರಿಲ್ಲದಾಯಿತು. ಪಂಪುಗಳಿಗೆ ಬದಲಿ ವಿದ್ಯುತ್ತಿನ ವ್ಯವಸ್ಥೆಯೇ ಇರಲಿಲ್ಲ. ನಮ್ಮಲ್ಲಿ 2022ರ ಸೆಪ್ಟೆಂಬರ್ ಮೊದಲ ವಾರ ಭಾರೀ ಮಳೆಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದೊಳಕ್ಕೇ ನುಗ್ಗಿ, ಬೆಂಗಳೂರಿನ ಕಾವೇರಿ ನೀರು ನಿಂತಿತು. ಅತ್ತ ರಸ್ತೆಗಳಲ್ಲಿ ದೋಣಿ, ಇತ್ತ ಮನೆಗಳಲ್ಲಿ ಖಾಲಿ ಕೊಡ.

ಜನರೇಟರ್ ಇಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಲೆಕ್ಕ ಹಾಕೋಣ, ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ಸಾಗಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಬೆಂಗಳೂರು ಸೇರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಿಸಲು ಭೌತಶಾಸ್ತ್ರದ ಪ್ರಕಾರವೇ 1.36 ಯೂನಿಟ್ ಬೇಕು. ಪಂಪು ಮತ್ತು ಕೊಳವೆಗಳ ನಷ್ಟ ಸೇರಿಸಿದರೆ ಎರಡಕ್ಕೆ ಹತ್ತಿರ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರ್. ಅಂದರೆ ದಿನವೊಂದಕ್ಕೆ ಸುಮಾರು ಹದಿನೈದು ಲಕ್ಷ ಯೂನಿಟ್. ಒಂದು ಲೀಟರ್ ಡೀಸೆಲ್ಲಿನಿಂದ ಮೂರೂವರೆ ಯೂನಿಟ್ ದೊರೆಯುತ್ತದೆಂದುಕೊಂಡರೂ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ಡೀಸೆಲ್ ಪ್ರತಿದಿನ ಸುಡಬೇಕು. ಇಷ್ಟು ದೂರದ, ಇಷ್ಟು ಎತ್ತರದ ನೀರಿಗೆ ಜನರೇಟರ್ ಎಂಬುದು ಮಾತಿಗಷ್ಟೇ. 2019ರಲ್ಲಿ ಶರಾವತಿಯನ್ನೂ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ನಾವು ಕಾಡಿನ ಪ್ರಶ್ನೆಯನ್ನು ಸರಿಯಾಗಿಯೇ ಎತ್ತಿದೆವು. ಲಿಂಗನಮಕ್ಕಿಯ ಪೂರ್ಣ ಮಟ್ಟ 554 ಮೀಟರ್, ಬೆಂಗಳೂರು 900 ಮೀಟರಿಗೂ ಮೇಲೆ ಎಂಬ ಈ ಲೆಕ್ಕವನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕಿತ್ತು.

ಮಲೆನಾಡಿನ ಪೇಟೆಗಳಿಗಾದರೋ ಸುಲಭವಾದ ದಾರಿಯೊಂದಿದೆ. ಗುಡ್ಡದ ಮೇಲೆ ಎರಡು ದಿನಕ್ಕಾಗುವಷ್ಟು ದೊಡ್ಡ ತೊಟ್ಟಿ ಕಟ್ಟಿ, ವಿದ್ಯುತ್ ಇರುವಾಗ ತುಂಬಿಸಿಕೊಳ್ಳುವುದು. ಆ ಬಳಿಕ ನೀರು ತಾನಾಗಿ ಇಳಿಯುತ್ತದೆ. ಎತ್ತರದಲ್ಲಿ ನಿಂತ ನೀರೇ ನಮ್ಮ ಬ್ಯಾಟರಿ. ಕೊಳವೆಯಲ್ಲಿ ಒತ್ತಡ ಉಳಿಯುವುದರಿಂದ ಇನ್ನೊಂದು ಲಾಭವೂ ಉಂಟು: ಖಾಲಿಯಾದ ಕೊಳವೆ ತನ್ನ ಬಿರುಕುಗಳಿಂದ ಪಕ್ಕದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಬರುವ ಮೊದಲ ಕೊಡದ ನೀರನ್ನು ಕುದಿಸದೆ ಕುಡಿಯಬಾರದೆನ್ನುವುದು ಅದಕ್ಕೇ.

ಕೊಳಚೆಯ ಮಾತು ಬೇರೆ. ಒಳಚರಂಡಿಯ ನೀರು ಇಳಿಜಾರಿನಲ್ಲಿ ಹರಿದು ಊರಿನ ಅತಿ ತಗ್ಗಿನ ಜಾಗದ ವೆಟ್‌ವೆಲ್‌ಗೆ ಸೇರುತ್ತದೆ. ಅಲ್ಲಿಂದ ಅದನ್ನು ಶುದ್ಧೀಕರಣ ಘಟಕಕ್ಕೆ ಎತ್ತಬೇಕು. ನಮ್ಮ ಊರುಗಳಲ್ಲಿ ಅತಿ ತಗ್ಗಿನ ಜಾಗವೆಂದರೆ ಹೊಳೆಯ ದಡ. ಪಂಪು ನಿಂತರೆ ಬಾವಿ ತುಂಬಿ, ಉಕ್ಕಿ, ಹೊಳೆ ಸೇರುತ್ತದೆ. ಘಟಕದಲ್ಲಿ ಗಾಳಿ ಊದುವ ಯಂತ್ರ ಬಹುಕಾಲ ನಿಂತರೆ ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಅವು ಮತ್ತೆ ಬೆಳೆಯಲು ದಿನಗಳೇ ಬೇಕು.

ಆದ್ದರಿಂದ ಡೀಸೆಲ್ ಅಲ್ಪವಿದ್ದಾಗ ಅದು ಮೊದಲು ವೆಟ್‌ವೆಲ್‌ಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ನಡೆಯುತ್ತಿರುವುದು ಇದಕ್ಕೆ ವಿರುದ್ಧ. ನೀರು ಬಾರದಿದ್ದರೆ ಜನ ಪುರಸಭೆಗೆ ಮುತ್ತಿಗೆ ಹಾಕುತ್ತಾರೆ. ಕೊಳಚೆ ಹೊಳೆಗೆ ಹೋದರೆ ಯಾರೂ ಬರುವುದಿಲ್ಲ. ಆದರೆ ಕೊಳಚೆಯ ಪಂಪು ಸತ್ತಿರುವಾಗ ಜನರೇಟರಿನಿಂದ ಒದಗಿಸಿದ ಪ್ರತಿ ಕೊಡ ನೀರೂ ಸಂಜೆಯೊಳಗೆ ಕೊಳಚೆಯಾಗಿ ಹೊಳೆಗೇ ಇಳಿಯುತ್ತದೆ. ತುಂಗೆಯಲ್ಲಿ ತೀರ್ಥಹಳ್ಳಿಯ ಕೆಳಗೆ ಶಿವಮೊಗ್ಗ, ಮುಂದೆ ತುಂಗಭದ್ರೆಯಲ್ಲಿ ಹರಿಹರ. ಒಬ್ಬರ ವೆಟ್‌ವೆಲ್‌ನ ಕೆಳಗೆ ಇನ್ನೊಬ್ಬರ ಜಾಕ್‌ವೆಲ್.

ನಾನು ಕಂಡ ಒಂದು ಪಂಪ್‌ಹೌಸಿನ ವಿಚಾರ ಹೇಳಿ ಮುಗಿಸುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಹೊಸ ಜನರೇಟರ್ ಇತ್ತು, ಹೊಳೆಯ ಕಡೆಯ ತಗ್ಗಿನ ಶೆಡ್ಡಿನಲ್ಲಿ. ಗೋಡೆಯ ಮೇಲೆ ಹಿಂದಿನ ನೆರೆಯ ಕೆಸರಿನ ಗುರುತು ಅದರ ನೆತ್ತಿಗಿಂತ ಒಂದು ಮೊಳ ಮೇಲಿತ್ತು. ಕೊನೆಯ ಬಾರಿ ಓಡಿಸಿದ್ದು ಯಾವಾಗ ಎಂದು ಕೇಳಿದೆ. "ಉದ್ಘಾಟನೆಯ ದಿನ ಓಡಿಸಿದ್ದೆವು ಸಾರ್, ಆಮೇಲೆ ಡೀಸೆಲ್ ಕೊಟ್ಟಿಲ್ಲ" ಎಂದರು ಅಲ್ಲಿನ ನೀರುಗಂಟಿ.

ನಾಳೆ ಬೆಳಿಗ್ಗೆ ಏಳಕ್ಕೆ ನಾವು ಈ ಊರಿನ ಪಂಪ್‌ಹೌಸಿಗೂ ವೆಟ್‌ವೆಲ್‌ಗೂ ನಡೆದು ಹೋಗುವವರಿದ್ದೇವೆ. ಅಳತೆ ಪಟ್ಟಿಯೊಂದನ್ನು ತನ್ನಿ. ನೆರೆಯ ಗುರುತು ಎಲ್ಲಿದೆ, ಯಂತ್ರ ಎಲ್ಲಿದೆ, ಟ್ಯಾಂಕಿನಲ್ಲಿ ಎಷ್ಟು ಗಂಟೆಯ ಡೀಸೆಲ್ ಇದೆ, ಇವಿಷ್ಟನ್ನು ಬರೆದುಕೊಂಡು ಬರೋಣ. ಮುಂದಿನ ವಾರ್ಡ್ ಸಭೆಗೆ ಆ ಹಾಳೆಯೇ ನಮ್ಮ ಅರ್ಜಿ.